ಎರಡು ಬೆರಳು ಸಡಿಲ

ಕಟಕಟಕಟಕಟ… ಕಟಕಟ… ಕಟ್.

ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಕೆಳಗೆ ಅಂಗಡಿಯ ಕಡೆಯಿಂದ ಹೊಲಿಗೆ ಯಂತ್ರ ಓಡುವ ಸದ್ದು. ಅಂಚಿಗೆ ಬಂದಾಗ ನಿಧಾನವಾಗಿ, ದಾರ ಕತ್ತರಿಸುವ ಮುಂಚೆ ಒಂದು ಗಳಿಗೆ ನಿಂತು, ಮತ್ತೆ ಓಡುತ್ತಿತ್ತು.

"ಅತ್ತಿಗೆ," ಎಂದಳು ನಾದಿನಿ ಕಣ್ಣು ಬಿಡದೆಯೇ, "ಈ ಹೊತ್ತಿಗೆ ಯಾರ ಪ್ಯಾಂಟು ಹೊಲೀತಿದ್ದೀರಿ? ಊರೇನು ಬೆತ್ತಲೆ ನಿಂತಿದ್ಯಾ?"

"ನಾನಿಲ್ಲೇ ಮಲಗಿದ್ದೀನಿ ಕಣೇ," ಎಂದು ಪಕ್ಕದ ಮಂಚದಿಂದ ಉತ್ತರ ಬಂತು.

ಇಬ್ಬರೂ ಎದ್ದು ಕೂತರು. ನಾದಿನಿ ಕೈಗೆ ಸಿಕ್ಕ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು, ಅತ್ತಿಗೆ ದೊಡ್ಡ ಕತ್ತರಿ ಹಿಡಿದಳು. ಮೆಟ್ಟಿಲಿಳಿದು ನೋಡಿದರೆ ಯಂತ್ರ ಮುಸುಕು ಹೊದ್ದು ತಣ್ಣಗೆ ಕೂತಿತ್ತು. ಸದ್ದು ಮಾತ್ರ ನಿಂತಿರಲಿಲ್ಲ. ಹಿಂಬದಿಯ ಕಿಟಕಿಯಾಚೆ, ಕೈಗೆಟುಕುವಷ್ಟು ಹತ್ತಿರದ ಕೊಂಬೆಯ ಮೇಲೆ, ಮುಷ್ಟಿಯಷ್ಟು ದೊಡ್ಡ ಕಪ್ಪು ಹಕ್ಕಿಯೊಂದು ಗಂಟಲುಬ್ಬಿಸಿಕೊಂಡು ಇಡೀ ಒಂದು ಷರಟನ್ನು ಹೊಲಿದು ಮುಗಿಸುತ್ತಿತ್ತು.

"ಕಾಜಾ ಮಾಡೋಕೂ ಬರುತ್ತಾ ಕೇಳಿ," ಎಂದಳು ನಾದಿನಿ. "ನನಗೂ ಒಂದು ದಿನ ರಜೆ ಸಿಗುತ್ತೆ."

ಅತ್ತಿಗೆ ಕತ್ತರಿ ಹಿಡಿದ ಕೈ ಹಾಗೇ ಇಳಿಬಿಟ್ಟು ಬಹಳ ಹೊತ್ತು ಕಿಟಕಿಯ ಬಳಿ ನಿಂತಿದ್ದಳು. ಎಂಟು ವರ್ಷದ ಕೆಳಗೆ ಆ ಕಿಟಕಿಯಾಚೆ ಹಕ್ಕಿಯೊಂದು ಕೂರುವುದಕ್ಕೆ ಒಂದು ಕಡ್ಡಿಯೂ ಇರಲಿಲ್ಲ.

ಬೀದಿಯವರು ಅವಳನ್ನು ಕರೆಯುವುದು ಟೇಪಕ್ಕ ಎಂದು. ಅಳತೆಯ ಟೇಪು ಅವಳ ಕುತ್ತಿಗೆಯಿಂದ ಇಳಿದದ್ದನ್ನು ಕಂಡವರು ಕಡಿಮೆ. ಮದುವೆಯ ಮನೆಗೆ ಹೋದರೂ ಇರುತ್ತಿತ್ತು, ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದರೂ ಇರುತ್ತಿತ್ತು. ಹದಿನಾರನೆಯ ವಯಸ್ಸಿಗೆ ತಾಯಿಯ ಕೈಕೆಳಗೆ ಕತ್ತರಿ ಹಿಡಿದವಳು, ಇಪ್ಪತ್ತೆರಡಕ್ಕೆ ಮದುವೆಯಾಗಿ ಈ ಬೀದಿಗೆ ಬಂದಳು. ಗಂಡ ಊರಿನ ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ಕಲಸುತ್ತಿದ್ದ. ಅವನು ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಅವಳು, ಮದುವೆ ಬೇಡವೆಂದು ಹಟ ಹಿಡಿದು ಕೂತಿದ್ದ ಅವನ ತಂಗಿ ಮತ್ತು ಕಾಲಿನಿಂದ ತುಳಿಯುವ ಒಂದು ಯಂತ್ರ. ಅತ್ತಿಗೆ ಅಳೆದು ಕತ್ತರಿಸಿ ಹೊಲಿಯುತ್ತಿದ್ದಳು. ನಾದಿನಿ ಅಳತೆ ಬರೆದುಕೊಳ್ಳುತ್ತಿದ್ದಳು, ಗುಂಡಿ ಕಾಜಾ ಮಾಡುತ್ತಿದ್ದಳು, ಬಂದವರ ಕಾಲೆಳೆಯುತ್ತಿದ್ದಳು. ಇಪ್ಪತ್ತೈದು ವರ್ಷದಿಂದ ಅಂಗಡಿ ನಡೆದದ್ದು ಹೀಗೆ. ಟೇಪಕ್ಕ ಹೊಲಿದ ಪ್ಯಾಂಟು ಬಿಗಿಯಾಯಿತು ಎಂದು ವಾಪಸು ತಂದವರು ಒಬ್ಬರೂ ಇಲ್ಲ.

ಮನೆಯ ಹಿಂದೆ ಮೂರು ಎಕರೆಯ ಹಳೆಯ ಇಟ್ಟಿಗೆ ಗೂಡಿನ ಜಾಗ. ಗೂಡು ನಿಂತು ಎಷ್ಟೋ ಕಾಲವಾಗಿತ್ತು. ಮಣ್ಣು ತೆಗೆದ ಹೊಂಡಗಳು, ಒಡೆದ ಇಟ್ಟಿಗೆಯ ರಾಶಿ, ಮನೆಯೆತ್ತರದ ಬೂದಿ ಗುಡ್ಡೆ. ಗಾಳಿ ಎದ್ದಿತೆಂದರೆ ಆ ಬೂದಿ ಎದ್ದು ನೇರ ಬಂದು ಟೇಪಕ್ಕನ ಅಂಗಡಿಯೊಳಗೆ ಕೂರುತ್ತಿತ್ತು. ಶಾಲೆಯ ಬಿಳಿ ಸಮವಸ್ತ್ರ ಹೊಲಿಯುವ ತಿಂಗಳಲ್ಲಿ ಅವಳು ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಬೆವರಿನಲ್ಲಿ ಅದ್ದಿಹೋಗಿ ಯಂತ್ರ ತುಳಿಯುತ್ತಿದ್ದಳು.

ಹಾಗಾಗಿ, ನಿವೃತ್ತರಾದ ಜೀವಶಾಸ್ತ್ರದ ಮೇಷ್ಟ್ರು ಒಂದು ದಿನ ಕೋಟಿನ ಹರಿದ ಒಳಜೇಬು ಹೊಲಿಸಲು ಬಂದು, "ಹಿಂದಿನ ಜಾಗದಲ್ಲಿ ಕಾಡು ಬೆಳೆಸೋಣ ಅಂತಿದ್ದೀನಿ, ನಿಮ್ಮ ಬೀದಿಯವರು ಕೈಜೋಡಿಸಬೇಕು," ಎಂದಾಗ, ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಬೂದಿ ನಿಲ್ಲುತ್ತಾ ಮೇಷ್ಟ್ರೇ?"

"ಬೂದಿ ನಿಲ್ಲುತ್ತೆ. ಹಕ್ಕಿ ಬರುತ್ತೆ, ಚಿಟ್ಟೆ ಬರುತ್ತೆ, ಹೊಂಡದಲ್ಲಿ ನೀರು…"

"ಹಕ್ಕಿ ನೀವಿಟ್ಕೊಳ್ಳಿ. ಬೂದಿ ನಿಂತರೆ ನನಗೆ ಸಾಕು."

ಪುರಸಭೆ, ಬ್ರೆಡ್ ಕಾರ್ಖಾನೆ, ಬೀದಿಯ ಸಂಘ ಮೂವರೂ ಕೂತು ಒಂದು ಒಪ್ಪಂದ ಮಾಡಿಕೊಂಡರು. ಜಾಗ ಪುರಸಭೆಯದು. ನೀರು ಮತ್ತು ಬೇಲಿ ಕಾರ್ಖಾನೆಯದು, ಯಾಕೆಂದರೆ ಅದರ ಒಲೆಗಳ ಹೊಗೆ ಊರಿನ ಆಕಾಶಕ್ಕೇ ಹೋಗುತ್ತಿತ್ತು. ಆ ಹೊಗೆಯಲ್ಲಿನ ಇಂಗಾಲವನ್ನು ಎಲ್ಲೋ ದೂರದ ಕಾಡಿನ ಲೆಕ್ಕಕ್ಕೆ ಬರೆಯದೆ ಊರಿನ ಮರಗಳೇ ಹೀರಿಕೊಳ್ಳಬೇಕೆಂಬುದು ಮೇಷ್ಟ್ರ ಹಟ. ದುಡಿಮೆ ಬೀದಿಯವರದು. ಎಂಟನೆಯ ವರ್ಷ ಅರಣ್ಯ ಇಲಾಖೆಯಿಂದ ಅಧಿಕಾರಿಯೊಬ್ಬರು ಬಂದು ಮರಗಳ ದಪ್ಪ ಪರೀಕ್ಷಿಸುತ್ತಾರೆ. ಮಾತಾಡಿದಷ್ಟು ಇಂಗಾಲ ಮರಗಳಲ್ಲಿ ಸೇರಿದ್ದರೆ ಜಾಗ ಶಾಶ್ವತವಾಗಿ ತೋಪು. ಇಲ್ಲವಾದರೆ ಪುರಸಭೆ ವಾಪಸು ತೆಗೆದುಕೊಂಡು ಲಾರಿ ನಿಲ್ದಾಣ ಮಾಡುತ್ತದೆ.

ಮೇಷ್ಟ್ರು ಬೇಗ ಬೆಳೆಯುವ ಹೊರಗಿನ ಮರ ಒಂದನ್ನೂ ಒಳಗೆ ಬಿಡಲಿಲ್ಲ. ಈ ನೆಲದ ಹಳೆಯ ಮರಗಳು ಊರಿನಲ್ಲಿ ಉಳಿದಿದ್ದದ್ದು ಒಂದೇ ಕಡೆ, ಊರಾಚೆಯ ಹಳೆಯ ಸಮಾಧಿಗಳ ಗೋಡೆಯೊಳಗೆ. ಸತ್ತವರಿಗೆ ಹೆದರಿ ಯಾರೂ ಅಲ್ಲಿ ಕೊಡಲಿ ಹಾಕಿರಲಿಲ್ಲ. ಅತ್ತಿಗೆ ನಾದಿನಿ ಇಬ್ಬರೂ ಭಾನುವಾರಗಳಲ್ಲಿ ಅಲ್ಲಿಗೆ ಹೋಗಿ ಸಮಾಧಿಗಳ ನಡುವೆ ಮಂಡಿಯೂರಿ ಬೀಜ ಆರಿಸುತ್ತಿದ್ದರು. ಮೇಷ್ಟ್ರು ಹೇಳುವ ಉದ್ದುದ್ದ ಹೆಸರುಗಳು ಟೇಪಕ್ಕನ ನಾಲಿಗೆಗೆ ಹತ್ತಲಿಲ್ಲ. ಅವಳು ಮರಗಳಿಗೆ ಬಟ್ಟೆಗಳ ಹೆಸರಿಟ್ಟಳು. ಎಲೆಯ ಅಡಿ ಮೆತ್ತಗಿದ್ದದ್ದು ವೆಲ್ವೆಟ್. ತೊಗಟೆಯಲ್ಲಿ ಉದ್ದ ಗೀರುಗಳಿದ್ದದ್ದು ಕಾರ್ಡುರಾಯ್. ಎಷ್ಟು ತುಳಿದರೂ ಸಾಯದ ಒಂದು ಮುಳ್ಳಿನ ಗಿಡ ಡೆನಿಮ್. ಎರಡು ವರ್ಷದೊಳಗೆ ಇಡೀ ಬೀದಿ ಅದೇ ಹೆಸರು ಕರೆಯುತ್ತಿತ್ತು. ಕೊನೆಗೆ ಮೇಷ್ಟ್ರ ಬಾಯಲ್ಲೂ ವೆಲ್ವೆಟ್ ಬಂದುಬಿಟ್ಟಿತು, ಬಂದ ಮೇಲೆ ಅವರು ನಾಲಿಗೆ ಕಚ್ಚಿಕೊಂಡರು.

ಪ್ಲಾಸ್ಟಿಕ್ ಚೀಲದಲ್ಲಿ ಬೇರು ಸುತ್ತಿಕೊಂಡು ಸಸಿಗಳು ಸಾಯುತ್ತಿದ್ದಾಗ ಉಪಾಯ ಹುಡುಕಿದವಳೂ ಅವಳೇ. ಬೀದಿಯ ಹಳೆಯ ಪ್ಯಾಂಟುಗಳನ್ನೆಲ್ಲ ಕೇಳಿ ತಂದು, ಕಾಲುಗಳನ್ನು ಮೊಳದುದ್ದ ಕತ್ತರಿಸಿ, ಅಡಿ ಹೊಲಿದು, ಮಣ್ಣು ತುಂಬಿ ಬೀಜ ಹಾಕಿದಳು. ಬಟ್ಟೆಯ ಸಮೇತ ನೆಟ್ಟರೆ ಬಟ್ಟೆ ಕೊಳೆತು ಮಣ್ಣಾಗುತ್ತದೆ, ಬೇರು ನೆಟ್ಟಗೆ ಇಳಿಯುತ್ತದೆ. ಆ ವರ್ಷ ಮನೆಯ ಹಿತ್ತಲಲ್ಲಿ ಆರುನೂರು ಪ್ಯಾಂಟಿನ ಕಾಲುಗಳು ಸಾಲಾಗಿ ನಿಂತಿದ್ದವು. "ಮೇಲಿನ ಅರ್ಧ ಬರೋದನ್ನ ಕಾಯ್ತಿವೆ," ಎಂದು ನಾದಿನಿ ಕಂಡಕಂಡವರಿಗೆ ಹೇಳಿದಳು.

ಮೊದಲ ಬೇಸಿಗೆಯಲ್ಲಿ ಅರ್ಧಕ್ಕರ್ಧ ಸತ್ತವು. ಬೂದಿಯ ನೆಲ ನೀರನ್ನು ಹಿಡಿಯುತ್ತಿರಲಿಲ್ಲ. ಬೀದಿ ಗುಡಿಸಿದ ಎಲೆ, ಮರದ ಹೊಟ್ಟು, ಸಂತೆ ಮುಗಿದ ಮೇಲಿನ ಕೊಳೆತ ಸೊಪ್ಪು ಎಲ್ಲವನ್ನೂ ಹೊತ್ತು ತಂದು ಸುರಿದರು, ಮತ್ತೆ ನೆಟ್ಟರು. ಮೂರನೆಯ ವರ್ಷ ಗಿಡಗಳು ತಲೆಮಟ್ಟ ದಾಟಿದವು. ಆಗ ಅಳತೆಯ ಮಾತು ಬಂತು. ಮುನ್ನೂರು ಮರಗಳಿಗೆ ನಂಬರು ಕಟ್ಟಿ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಪ್ರತಿ ವರ್ಷ ಸುತ್ತಳತೆ ತೆಗೆದು ಬರೆಯಬೇಕು. ಯಾರು ಅಳೆಯುವುದು ಎಂದು ಸಂಘದ ಸಭೆಯಲ್ಲಿ ಕೇಳಿದಾಗ ಎಲ್ಲರೂ ಒಂದೇ ಕಡೆ ತಿರುಗಿ ನೋಡಿದರು. ಟೇಪು ಅಲ್ಲಿ ಕುತ್ತಿಗೆಯಲ್ಲೇ ನೇತಾಡುತ್ತಿತ್ತು.

ಅಂದಿನಿಂದ ಆರು ವರ್ಷ, ಮಳೆ ಮುಗಿದ ಮೊದಲ ವಾರ, ಅತ್ತಿಗೆ ಅಳೆಯುವಳು, ನಾದಿನಿ ಬರೆಯುವಳು.

"ನಲವತ್ತೆರಡನೆ ನಂಬರ್ ವೆಲ್ವೆಟ್. ಸೊಂಟ ಹದಿಮೂರು ಮುಕ್ಕಾಲು."

"ಹೋದ ವರ್ಷ ಹನ್ನೊಂದೂವರೆ ಇತ್ತು. ಏನು ತಿಂತಿದೆ ಇದು? ಸ್ವಲ್ಪ ನಡೆದಾಡೋಕೆ ಹೇಳಿ."

ಎಂಟನೆಯ ವರ್ಷ, ಹಕ್ಕಿ ಹೊಲಿಗೆ ಕಲಿತ ಆ ವಾರವೇ, ಅಧಿಕಾರಿ ಬಂದರು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಟೇಪಕ್ಕನ ಕಣ್ಣಿಗೆ ಮೊದಲು ಬಿದ್ದದ್ದು ಅವರ ಸಿದ್ಧ ಉಡುಪಿನ ಷರಟಿನ ಭುಜದ ಹೊಲಿಗೆ ತೋಳಿನ ಅರ್ಧಕ್ಕೆ ಜಾರಿದ್ದದ್ದು. ಪಾಪ ಎನಿಸಿತು. ಪುರಸಭೆಯ ಅಧ್ಯಕ್ಷರೂ ಜೊತೆಗೆ ಬಂದಿದ್ದರು. ಲಾರಿ ನಿಲ್ದಾಣದ ನಕ್ಷೆ ಅವರ ಕಪಾಟಿನಲ್ಲಿ ಇನ್ನೂ ಇದೆಯೆಂದು ಎಲ್ಲರಿಗೂ ಗೊತ್ತಿತ್ತು.

ಅಧಿಕಾರಿ ಪುಸ್ತಕ ತೆರೆದು, ತಮಗೆ ತೋಚಿದ ಇಪ್ಪತ್ತು ನಂಬರು ಆರಿಸಿಕೊಂಡು, ತಮ್ಮ ಉಕ್ಕಿನ ಪಟ್ಟಿಯಿಂದ ಅಳೆಯುತ್ತ ಹೋದರು. ಐದನೆಯ ಮರದ ಹೊತ್ತಿಗೆ ಅವರ ಹುಬ್ಬು ಕೂಡಿಕೊಂಡಿತು. ಇಪ್ಪತ್ತೂ ಮುಗಿದ ಮೇಲೆ ಪುಸ್ತಕ ಮುಚ್ಚಿದರು.

"ಹತ್ತು ದಿನದ ಕೆಳಗೆ ನೀವೇ ಅಳೆದದ್ದು ಅಲ್ವಾ ಇದು?"

"ಹೌದು ಸಾರ್."

"ಇಪ್ಪತ್ತು ಮರವೂ ಪುಸ್ತಕದಲ್ಲಿರೋದಕ್ಕಿಂತ ತೆಳ್ಳಗಿವೆ. ಎಲ್ಲವೂ ಒಂದೂಕಾಲು ಇಂಚು." ಅವರು ಧ್ವನಿ ಎತ್ತರಿಸಲಿಲ್ಲ. "ಅಳತೆಯಲ್ಲಿ ತಪ್ಪಾದರೆ ಒಂದು ಹೆಚ್ಚು ಬರುತ್ತೆ, ಒಂದು ಕಡಿಮೆ ಬರುತ್ತೆ. ಎಲ್ಲದಕ್ಕೂ ಅಷ್ಟೇ ಹೆಚ್ಚು ಬರಬೇಕಾದ್ರೆ ಯಾರೋ ಕೂತು ಸೇರಿಸಿ ಬರೆದಿರಬೇಕು."

ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡರು. "ಅಂದ್ರೆ ಪುಸ್ತಕ ನಂಬೋಹಾಗಿಲ್ಲ?"

"ನಂಬೋಹಾಗಿಲ್ಲ. ಈ ಪುಸ್ತಕ ಇಟ್ಕೊಂಡು ನಾನು ಸಹಿ ಹಾಕೋಕಾಗಲ್ಲ. ನಾಳೆ ಹತ್ತು ಗಂಟೆಗೆ ಬರ್ತೀನಿ. ಏನಾದರೂ ವಿವರಣೆ ಇದ್ರೆ ಹೇಳಿ. ಇಲ್ಲದಿದ್ರೆ ಇಲ್ಲ ಅಂತ ಬರೆದು ಹೋಗ್ತೀನಿ."

ಮಧ್ಯಾಹ್ನದೊಳಗೆ ಸುದ್ದಿ ಬೀದಿಯ ತುದಿ ಮುಟ್ಟಿತು. ಟೇಪಕ್ಕ ಲೆಕ್ಕ ಉಬ್ಬಿಸಿ ಬರೆದಳಂತೆ. ಯಾರೂ ಎದುರಿಗೆ ಬಂದು ಕೇಳಲಿಲ್ಲ, ಅದೇ ಅವಳಿಗೆ ಹೆಚ್ಚು ನೋವಾದದ್ದು. ಎದುರಿನ ಮನೆಯ ಹೆಂಗಸು ಕಣ್ಣು ತಪ್ಪಿಸಿ ಒಳಗೆ ಹೋದಳು.

ಮೇಷ್ಟ್ರು ಓಡಿ ಬಂದರು. ಬಟ್ಟೆಯ ಟೇಪು ಒದ್ದೆಯಾಗಿ ಕುಗ್ಗಿರಬಹುದು ಎಂದರು. ಕುಗ್ಗಿದ್ದರೆ ಅಂಕಿ ಹೆಚ್ಚೇ ತೋರಿಸುತ್ತದೆ. ನಾದಿನಿ ತಕ್ಷಣ ಟೇಪನ್ನು ಅವಳ ಕುತ್ತಿಗೆಯಿಂದ ಕಿತ್ತು, ಕತ್ತರಿಸುವ ಮೇಜಿನ ಉಕ್ಕಿನ ಅಳತೆಗೋಲಿನ ಮೇಲೆ ಹಾಸಿದಳು. ಮೂವರೂ ತಲೆ ತಗ್ಗಿಸಿ ನೋಡಿದರು. ಗೆರೆಗೆ ಗೆರೆ ಕೂಡಿತ್ತು, ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಕೂತರು. ಅವರ ಮುಖ ನೋಡಲಾರದೆ ಟೇಪಕ್ಕ ಯಂತ್ರಕ್ಕೆ ಎಣ್ಣೆ ಹಾಕತೊಡಗಿದಳು. ಬೆಳಗ್ಗೆಯಷ್ಟೇ ಹಾಕಿದ್ದಳು.

ಸಂಜೆ ನಾಲ್ಕರ ಹೊತ್ತಿಗೆ ಬ್ರೆಡ್ ಕಾರ್ಖಾನೆಯ ಒಲೆ ನೋಡಿಕೊಳ್ಳುವವನು ಬಂದ. ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ, ಏನೂ ನಡೆದೇ ಇಲ್ಲವೆಂಬಂತೆ, "ಅಕ್ಕಾ, ಒಂದು ಪ್ಯಾಂಟು," ಎಂದ. ಅವಳಿಗೆ ಅಳುವೇ ಬಂತು. ಸುಮ್ಮನೆ ಎದ್ದು ಅವನ ಸೊಂಟಕ್ಕೆ ಟೇಪು ಸುತ್ತಿದಳು.

"ಮೂವತ್ತನಾಲ್ಕು ಕಾಲು."

"ಅದೆಲ್ಲಿಂದ ಬಂತಕ್ಕಾ?" ಎಂದ ಅವನು. "ಹೋದ ವಾರ ಸಿದ್ಧ ಉಡುಪಿನ ಅಂಗಡಿಯಲ್ಲಿ ಅಳೆದ್ರು, ಮೂವತ್ಮೂರು ಅಂದ್ರು. ಒಂದು ವಾರದಲ್ಲಿ ನಾನೇನು ಒಲೆ ಸಮೇತ ನುಂಗಿದ್ನಾ?"

"ನಿನಗೂ ನನ್ನ ಅಳತೆ ಹೆಚ್ಚಾಯ್ತೇನೋ?" ಎಂದಳು ಟೇಪಕ್ಕ.

"ಅತ್ತಿಗೆ," ಎಂದಳು ನಾದಿನಿ. ಅವಳ ಕೈಯಲ್ಲಿದ್ದ ಪೆನ್ನು ನಿಂತಿತ್ತು. "ಕೈ ಅಲುಗಾಡಿಸಬೇಡಿ. ಹಾಗೇ ಇರಿ."

ಟೇಪಕ್ಕ ಹಾಗೇ ನಿಂತಳು. ಟೇಪು ಬಿಗಿಯಾಗಿ ಅವನ ಸೊಂಟ ಸುತ್ತಿ ಬಂದಿತ್ತು. ತುದಿ ಬಂದು ಸೇರುವ ಜಾಗದಲ್ಲಿ ಅವಳ ಎಡಗೈಯ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡು ಟೇಪಿನ ಮೇಲೆ ಮಲಗಿದ್ದವು. ಅವಳು ಓದಿದ ಅಂಕಿ ಬೆರಳುಗಳ ಆಚೆಯದು.

"ಬೆರಳಿನ ಈಚೆ ಏನಿದೆ ಓದಿ."

"ಮೂವತ್ಮೂರು," ಎಂದಳು ಟೇಪಕ್ಕ, ಬಹಳ ಮೆಲ್ಲಗೆ.

ಎರಡು ಬೆರಳು ಸಡಿಲ ಬಿಡು, ಬಟ್ಟೆಯೊಳಗೆ ಮನುಷ್ಯ ಉಸಿರಾಡಬೇಕು, ಉಂಡ ಮೇಲೆ ಕೂರಬೇಕು ಎಂದು ತಾಯಿ ಹೇಳಿಕೊಟ್ಟದ್ದು. ಮೊದಲ ವರ್ಷ ಮರೆತಾಗಲೆಲ್ಲ ಕೈಮೇಲೆ ಸ್ಕೇಲಿನಿಂದ ಬಿದ್ದಿತ್ತು. ಆಮೇಲೆ ಮರೆಯಲಿಲ್ಲ. ಆಮೇಲಾಮೇಲೆ ಹಾಗೆ ಮಾಡುತ್ತಿದ್ದೇನೆಂಬುದೇ ಮರೆತುಹೋಯಿತು. ನಲವತ್ತು ವರ್ಷಗಳಲ್ಲಿ ಅವಳ ಟೇಪು ಸುತ್ತಿ ಬಂದ ಎಲ್ಲಕ್ಕೂ, ಮನುಷ್ಯನಿರಲಿ ಮರವಿರಲಿ, ಉಸಿರಾಡಲು ಜಾಗ ಸಿಕ್ಕಿತ್ತು.

"ಮರಕ್ಕೆ ಪ್ಯಾಂಟು ಹೊಲಿಯೋಕೆ ಹೊರಟಿದ್ರಾ ಅತ್ತಿಗೆ!" ನಾದಿನಿ ನಗಲು ಹೋದಳು, ನಗು ಅರ್ಧಕ್ಕೆ ನಿಂತಿತು. ಒಲೆಯವನನ್ನು ಸಾಗಹಾಕಿ ಬಾಗಿಲು ಮುಂದೆ ಮಾಡಿದಳು. "ನೋಡಿ, ಇದನ್ನ ಹೇಳೋದು ಬೇಡ. ಹೇಳಿದ್ರೆ ತಪ್ಪು ನಮ್ಮದೇ ಅಂತ ನಾವೇ ಬರೆದುಕೊಟ್ಟ ಹಾಗೆ. ಬೇರೆ ಅಧಿಕಾರಿ ಬರಲಿ ಅಂತ ಹಟ ಹಿಡಿಯೋಣ. ಅಷ್ಟರಲ್ಲಿ ನೀವು ಇನ್ನೊಂದು ಸಲ ಸರಿಯಾಗಿ ಅಳೆದು ಹೊಸ ಪುಸ್ತಕ…"

"ಹೊಸ ಪುಸ್ತಕ ಬರೆದ್ರೆ ಅದು ಸುಳ್ಳು ಪುಸ್ತಕ ಕಣೇ," ಎಂದಳು ಟೇಪಕ್ಕ. "ಇದು ತಪ್ಪು ಪುಸ್ತಕ ಅಷ್ಟೆ. ಮಾಡಿದ್ದು ನನ್ನ ಕೈ. ನಾಳೆ ನಾನೇ ಹೇಳ್ತೀನಿ."

"ತೋಪು ಹೋದ್ರೆ?"

ಹಿಂಬದಿಯ ಕಿಟಕಿಯಿಂದ ಮರಗಳ ಸದ್ದು ಬರುತ್ತಿತ್ತು. ಒಳಗೆ ಇಸ್ತ್ರಿ ಮಾಡಿ ಮಡಿಸಿಟ್ಟ ಬಿಳಿ ಸಮವಸ್ತ್ರಗಳ ಮೇಲೆ ಒಂದು ಕಣ ಬೂದಿಯೂ ಇರಲಿಲ್ಲ.

ಮರುದಿನ ಹತ್ತು ಗಂಟೆಗೆ ತೋಪಿನ ಬಾಗಿಲಲ್ಲಿ ಬೀದಿಗೆ ಬೀದಿಯೇ ಸೇರಿತ್ತು. ಕಾರ್ಖಾನೆಯ ಬೆಳಗಿನ ಪಾಳಿಯವರೂ ಹಿಟ್ಟಿನ ಬಟ್ಟೆಯಲ್ಲೇ ಬಂದಿದ್ದರು. ಟೇಪಕ್ಕ ಮುಂದೆ ಹೋಗಿ, ಕುತ್ತಿಗೆಯ ಟೇಪು ತೆಗೆದು, ಹತ್ತಿರದ ಕಾರ್ಡುರಾಯ್ ಮರಕ್ಕೆ ಸುತ್ತಿ, ಎರಡು ಬೆರಳು ಇಟ್ಟು ತೋರಿಸಿದಳು. "ಹೀಗೆ ಅಳೆದೆ ಸಾರ್. ಮುನ್ನೂರು ಮರವನ್ನೂ, ಆರು ವರ್ಷವೂ. ಸೇರಿಸಿ ಬರೆದದ್ದಲ್ಲ. ಅಭ್ಯಾಸ. ತಪ್ಪು ನನ್ನದು."

ಅಧಿಕಾರಿ ಅವಳ ಬೆರಳುಗಳನ್ನು ನೋಡಿದರು, ತಮ್ಮ ಪಟ್ಟಿಯನ್ನು ಅವುಗಳ ಮೇಲಿಟ್ಟು ಅಳೆದರು. ಒಂದೂಕಾಲು ಇಂಚು.

"ಇವತ್ತು ಇಷ್ಟೇ ಬರುತ್ತೆ," ಎಂದರು. "ಪ್ರತಿ ಸಲವೂ ಇಷ್ಟೇ ಬಂದಿರುತ್ತೆ ಅಂತ ಹೇಗೆ ನಂಬಲಿ? ಒಮ್ಮೆ ಬೆರಳು ಬಿಗಿ, ಒಮ್ಮೆ ಸಡಿಲ ಆದರೂ ಲೆಕ್ಕ ನಿಲ್ಲಲ್ಲ. ಪರೀಕ್ಷೆ ಮಾಡೋಣ. ಬೇರೆ ಇಪ್ಪತ್ತು ಮರ ನಾನು ಮೊದಲು ಅಳೆದು ಚೀಟಿ ಜೇಬಲ್ಲಿಟ್ಕೋತೀನಿ. ಆಮೇಲೆ ನೀವು ಅಳೆಯಿರಿ. ಯಾವಾಗಲೂ ಅಳೆಯೋ ಹಾಗೇ."

ಯಾವಾಗಲೂ ಅಳೆಯುವ ಹಾಗೆ ಅಳೆಯುವುದೇ ಈಗ ಕಷ್ಟವಾಯಿತು. ಮೊದಲ ಮರದ ಮುಂದೆ ನಿಂತಾಗ ಅವಳ ಬೆರಳುಗಳು ಬೇರೆ ಯಾರದೋ ಎನಿಸಿದವು. ಒತ್ತಿ ಇಡಬೇಕೋ ಹಗುರಾಗಿಯೋ? ಟೇಪು ಜಾರಿತು. ಮತ್ತೆ ಸುತ್ತಿದಳು. ಮತ್ತೆ ಜಾರಿತು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು.

ಆಗ ನಾದಿನಿ ಪುಸ್ತಕ ಹಿಡಿದು ಪಕ್ಕಕ್ಕೆ ಬಂದಳು. "ಅತ್ತಿಗೆ, ಆ ಪೋಸ್ಟ್‌ಮಾಸ್ಟರ್ ಕೋಟಿನ ಗುಂಡಿ ಎಲ್ಲಿಟ್ರಿ?"

"ಈಗ ಕೇಳೋ ಮಾತೇನೇ ಅದು?"

"ಮತ್ತೆ ಯಾವಾಗ ಕೇಳ್ಲಿ? ಮಧ್ಯಾಹ್ನ ಬಂದು ನನ್ನ ತಲೆ ತಿಂತಾರೆ. ಕಂದು ಗುಂಡಿ ನಾಲ್ಕು."

"ಡಬ್ಬಿಯಲ್ಲಿಟ್ಟಿದ್ದೀನಿ. ಹದಿನೈದೂಕಾಲು."

"ಯಾವ ಡಬ್ಬಿ?"

"ಕಣ್ಣೇನು ಹಣೆ ಮೇಲಿದ್ಯಾ? ಬಿಸ್ಕತ್ತಿನ ಡಬ್ಬಿ. ಹನ್ನೆರಡೂವರೆ. ನಿನಗೆ ಹತ್ತು ಸಲ ಹೇಳಿದೆ, ಗುಂಡಿ ಬಣ್ಣಬಣ್ಣ ಬೇರೆ ಮಾಡಿಡು ಅಂತ. ಹದಿನೇಳು."

"ಮಾಡಿಟ್ಟಿದ್ದೆ. ನೀವು ಕಲಸಿಟ್ರಿ."

"ನಾನಾ? ಸಾರ್, ನೋಡಿ ಹೆಂಗೆ ಸುಳ್ಳು ಹೇಳ್ತಾಳೆ. ಹದಿನಾಲ್ಕು ಮುಕ್ಕಾಲು!"

ಹೀಗೆ ಇಪ್ಪತ್ತು ಮರವೂ ಜಗಳದಲ್ಲೇ ಮುಗಿದವು. ನಾದಿನಿ ಬಾಯಿ ಒಂದು ಕ್ಷಣ ಮುಚ್ಚಲಿಲ್ಲ, ಕೈ ಒಂದಂಕಿ ತಪ್ಪದೆ ಬರೆಯಿತು. ಕೊನೆಯ ಮರದ ಹತ್ತಿರ ಬಂದಾಗ ಟೇಪಕ್ಕನಿಗೆ ತಾನೇನು ಮಾಡುತ್ತಿದ್ದೇನೆಂಬುದೇ ಮರೆತುಹೋಗಿತ್ತು. ಅವಳು ಗುಂಡಿಗಳ ವಿಷಯದಲ್ಲಿ ನಿಜಕ್ಕೂ ಕೆರಳಿದ್ದಳು.

ಅಧಿಕಾರಿ ಚೀಟಿ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ.

"ಒಂದೂಕಾಲು," ಎಂದರು. "ಇಪ್ಪತ್ತಕ್ಕೆ ಇಪ್ಪತ್ತು."

"ಹಳೆಯ ವರ್ಷಗಳ ಮಾತೇನು?" ಎಂದರು ಅಧ್ಯಕ್ಷರು ಬಿಡದೆ. "ಆಗಿನ ಬೆರಳು ಹೇಗಿತ್ತೋ ಯಾರು ಕಂಡವರು?"

ಗುಂಪಿನಲ್ಲಿ ಒಲೆಯವನು ಮುಂದೆ ಬಂದ. "ನಾನು ಕಂಡಿದ್ದೀನಿ. ಇದು ಐದು ವರ್ಷದ ಹಿಂದಿನ ಪ್ಯಾಂಟು." ಅವನು ಸೊಂಟದ ಪಟ್ಟಿಯೊಳಗೆ ಎರಡು ಬೆರಳು ತೂರಿಸಿದ. ಸರಿಯಾಗಿ ಹಿಡಿಯಿತು. ಅವನ ಪಕ್ಕದವನೂ ತೂರಿಸಿ ನೋಡಿದ. "ನನ್ನದು ಮೂರು ವರ್ಷದ್ದು, ಇಲ್ನೋಡಿ." ಅಂಚೆಯವನು, ಬಸ್ಸಿನ ಕಂಡಕ್ಟರು, ಶಾಲೆಯ ಜವಾನ ಒಬ್ಬೊಬ್ಬರಾಗಿ ತಂತಮ್ಮ ಸೊಂಟಕ್ಕೆ ಎರಡು ಬೆರಳು ಹಾಕಿ ನಿಂತರು. "ನನ್ನನ್ನ ಬಿಡಿಪ್ಪಾ," ಎಂದ ಮಾಂಸದಂಗಡಿಯವನು, "ನಾನು ಊದಿದ್ದೀನಿ." ಎಲ್ಲರ ಕಣ್ಣೂ ಮೆಲ್ಲಗೆ ಅಧ್ಯಕ್ಷರ ಕಡೆ ತಿರುಗಿತು. ಅವರು ಚುನಾವಣೆಗೆ ನಿಂತಾಗ ಹೊಲಿಸಿದ ಪ್ಯಾಂಟು ಯಾರ ಕೈಯದೆಂದು ಗೊತ್ತಿಲ್ಲದವರಿರಲಿಲ್ಲ. ಅಧ್ಯಕ್ಷರು ಒಂದು ಕ್ಷಣ ಬಿಗಿದುಕೊಂಡು ನಿಂತರು. ಆಮೇಲೆ ಕೆಮ್ಮಿ, ಯಾರೂ ನೋಡುತ್ತಿಲ್ಲವೆಂಬಂತೆ, ಎರಡು ಬೆರಳು ತೂರಿಸಿದರು.

ಅಧಿಕಾರಿ ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ನಕ್ಕರು. "ಇದನ್ನ ವರದಿಯಲ್ಲಿ ಬರೆಯೋಕೆ ಬರಲ್ಲ," ಎಂದರು. "ಆದರೆ ಇಪ್ಪತ್ತು ಮತ್ತು ಇಪ್ಪತ್ತು ಬರೀಬಹುದು. ಎಲ್ಲ ವರ್ಷದ ಎಲ್ಲ ಅಂಕಿಯಿಂದಲೂ ಒಂದೂಕಾಲು ಕಳೆದು ಹೊಸದಾಗಿ ಲೆಕ್ಕ ಹಾಕ್ತೀನಿ."

ಬ್ರೆಡ್ಡಿನ ಖಾಲಿ ಟ್ರೇಯೊಂದನ್ನು ಬೋರಲು ಹಾಕಿಕೊಂಡು ಅವರು ಕೂತರು. ಎರಡು ಗಂಟೆ ಹಿಡಿಯಿತು. ಯಾರೂ ಮನೆಗೆ ಹೋಗಲಿಲ್ಲ. ಟೇಪಕ್ಕ ಬೇಲಿಗೊರಗಿ ನಿಂತಿದ್ದಳು. ಹೊಂಡದ ನೀರಿನ ಮೇಲೆ ಕೆಂಪು ಏರೋಪ್ಲೇನ್ ಚಿಟ್ಟೆಗಳು ಓಡಾಡುತ್ತಿದ್ದವು. ಹತ್ತಿರದ ಮರವೊಂದರಿಂದ ಯಾರೋ ಷರಟು ಹೊಲಿಯುತ್ತಿದ್ದ ಸದ್ದು ಬಂತು. ಅಧಿಕಾರಿ ತಲೆಯೆತ್ತಿ ನೋಡಿದರು. "ಅದು ನಮ್ಮಂಗಡಿ ಶಾಖೆ ಸಾರ್," ಎಂದಳು ನಾದಿನಿ.

ಕೊನೆಗೆ ಅವರು ಎದ್ದು ಕಾಲು ಕೊಡವಿಕೊಂಡರು. "ಒಪ್ಪಂದದಲ್ಲಿದ್ದದ್ದು ನೂರು ಅಂತ ಇಟ್ಕೊಳ್ಳಿ. ಬೆರಳು ಸೇರಿಸಿ ಬರೆದಿದ್ದು ನೂರಾ ನಲವತ್ತು ಆಗ್ತಿತ್ತು. ಬೆರಳು ಕಳೆದ ಮೇಲೆ ನೂರಾ ಹದಿಮೂರು." ಟೇಪಕ್ಕನ ಕಡೆ ತಿರುಗಿದರು. "ಹದಿನೆಂಟು ವರ್ಷದಿಂದ ಮರ ಅಳೀತಿದ್ದೀನಿ ಅಮ್ಮಾ. ಇಷ್ಟು ನೆಟ್ಟಗಿರೋ ತಪ್ಪು ನೋಡಿರಲಿಲ್ಲ. ತೋಪು ನಿಮ್ಮದು."

ಸದ್ದು ಎಲ್ಲಿಂದ ಎದ್ದಿತೋ ಗೊತ್ತಾಗಲಿಲ್ಲ. ಕಾರ್ಖಾನೆಯವರು ಟ್ರೇಗಳನ್ನು ಬಡಿದರು, ಯಾರೋ ಸಿಳ್ಳೆ ಹಾಕಿದರು, ಮರಗಳಿಂದ ಹಕ್ಕಿಗಳೆಲ್ಲ ಒಟ್ಟಿಗೆ ಮೇಲೆದ್ದು ಒಂದು ಸುತ್ತು ಹೊಡೆದು ಮತ್ತೆ ಬಂದು ಕೂತವು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿನ್ನೆ ಕಣ್ಣು ತಪ್ಪಿಸಿದ್ದ ಎದುರುಮನೆಯ ಹೆಂಗಸು ಬಂದು ಟೇಪಕ್ಕನ ಕೈ ಹಿಡಿದುಕೊಂಡಳು. ನಾದಿನಿ ಮಾತ್ರ ಗುಂಪಿನ ನಡುವೆ ನಿಂತು ದೊಡ್ಡ ಧ್ವನಿಯಲ್ಲಿ ಸಾರುತ್ತಿದ್ದಳು: "ಗುಂಡಿ ಸಿಕ್ಕಿದ್ದು ಬಿಸ್ಕತ್ತಿನ ಡಬ್ಬಿಯಲ್ಲಲ್ಲ, ನನ್ನ ಜೇಬಲ್ಲಿ! ಬೆಳಗಿನಿಂದ ಇಲ್ಲೇ ಇದ್ವು!"

ಒಂಬತ್ತು ದಿನ ಕಳೆದು ಪುರಸಭೆಯವರು ಕಾಗದ ಕೊಡುವ ಸಮಾರಂಭ ಇಟ್ಟುಕೊಂಡರು. ತೋಪಿನ ಬಾಗಿಲಲ್ಲಿ ನಾಲ್ಕು ಕುರ್ಚಿ, ಒಂದು ಮೈಕು. ಅಧ್ಯಕ್ಷರು ಮೊದಲಿನಿಂದಲೂ ಈ ತೋಪಿನ ಕನಸು ಕಂಡವರು ತಾವೇ ಎಂಬ ಅರ್ಥ ಬರುವಂತೆ ಮಾತಾಡಿದರು, ಜನ ದೊಡ್ಡ ಮನಸ್ಸು ಮಾಡಿ ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಮ್ಮ ಪಟ್ಟಿ ಓದಿದರು: ಐವತ್ತೆಂಟು ಜಾತಿಯ ಹಕ್ಕಿ, ನಲವತ್ತು ಜಾತಿಯ ಚಿಟ್ಟೆ, ಇನ್ನೂ ಹೆಸರು ಸಿಗದ ಒಂದು ಕಪ್ಪೆ. ಆಮೇಲೆ ಅಂಗೈಯಗಲದ ಹಸಿರು ಮೊಹರಿನ ಕಾಗದ ಟೇಪಕ್ಕನ ಕೈಗೆ ಬಂತು. ತೋಪು ಶಾಶ್ವತವಾಗಿ ತೋಪು ಎಂದು ಅದರಲ್ಲಿ ಅಚ್ಚಾಗಿತ್ತು. ಅವಳು ಅದನ್ನು ಎರಡು ಬಾರಿ ಓದಿದಳು.

"ಮಾತಾಡಿ, ಮಾತಾಡಿ," ಎಂದು ಜನ ಕೂಗಿದರು. ನಾದಿನಿ ಬೆನ್ನಿಗೆ ಕೈ ಹಾಕಿ ಅವಳನ್ನು ಮೈಕಿನ ಮುಂದೆ ದೂಡಿದಳು.

"ನನಗೆ ಭಾಷಣ ಗೀಷಣ ಬರಲ್ಲ," ಎಂದಳು ಟೇಪಕ್ಕ. ತನ್ನ ಧ್ವನಿಯೇ ಪೆಟ್ಟಿಗೆಯಿಂದ ದೊಡ್ಡದಾಗಿ ಬಂದದ್ದು ಕೇಳಿ ಬೆಚ್ಚಿದಳು. ಜನ ನಕ್ಕರು. ಅವಳೂ ನಕ್ಕಳು. ಧೈರ್ಯ ಬಂತು. "ನಾನು ಬಂದದ್ದು ಬೂದಿಗೆ ಹೆದರಿ. ಈ ಮರ ಗಿಡ ಹಕ್ಕಿ ಏನೂ ನನಗೆ ಗೊತ್ತಿರಲಿಲ್ಲ. ಆದರೆ ಆರು ವರ್ಷ ಒಂದನ್ನ ಅಳೀತಾ ಬಂದ್ರೆ…"

ಅವಳ ಕಣ್ಣು ಗುಂಪಿನಾಚೆ ಹೋಯಿತು. ಹೊಂಡದ ದಂಡೆಯಲ್ಲಿ, ಕೆಂಪು ರಿಬ್ಬನು ಕಟ್ಟಿದ ಕುಂಡವೊಂದನ್ನು ಪಕ್ಕಕ್ಕಿಟ್ಟು, ಪುರಸಭೆಯ ಕೆಲಸದವನೊಬ್ಬ ಗುದ್ದಲಿ ಎತ್ತುತ್ತಿದ್ದ. ಅಧ್ಯಕ್ಷರ ಕೈಯಿಂದ ನೆಡಿಸಲು ನರ್ಸರಿಯಿಂದ ತಂದ ಯಾವುದೋ ಚಂದದ ಹೊರಗಿನ ಗಿಡ. ಅವನು ಆರಿಸಿಕೊಂಡ ಜಾಗದಲ್ಲಿ ಈ ಮಳೆಗಾಲದಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ, ಹಕ್ಕಿ ತಂದು ಉದುರಿಸಿದ ಬೀಜದಿಂದ ತಾವಾಗಿಯೇ ಎದ್ದ ಹನ್ನೊಂದು ಮೊಳಕೆಗಳಿದ್ದವು. ತೋಪು ತಾನೇ ಹಡೆದ ಮೊದಲ ಮಕ್ಕಳು. ಒಂದೊಂದೂ ಬೆರಳುದ್ದ.

"…ಅಳೀತಾ ಬಂದ್ರೆ, ಅದು ನಮ್ಮದು ಅಂತ ಅಲ್ಲ, ನಾವೇ ಅದರದ್ದು ಅಂತ ಒಂದು ದಿನ… ಏಯ್! ಗುದ್ದಲಿ ಕೆಳಗಿಡಪ್ಪಾ! ಅಲ್ಲಿ ಕಾಲಿಡಬೇಡ, ಅಲ್ಲಿ ನಮ್ಮ…" ಎನ್ನುತ್ತ ಅವಳು ಮೈಕನ್ನು ಅಧ್ಯಕ್ಷರ ಕೈಗೆ ತುರುಕಿ, ಹಸಿರು ಮೊಹರಿನ ಕಾಗದವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಕುರ್ಚಿಗಳ ನಡುವಿನಿಂದ ದಾರಿ ಮಾಡಿಕೊಂಡು ಹೊಂಡದ ಕಡೆಗೆ ದಾಪುಗಾಲು ಹಾಕುತ್ತ ನಡೆದುಬಿಟ್ಟಳು.